ಕಟ್ಟಿಗೆ ಕೋಣೆಯಲ್ಲಿ ಅಪ್ಪ ಏನು ಮಾಡುತ್ತಿದ್ದ?

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಎಲ್ಲರಿಗೂ ಎಲ್ಲರ ಮೇಲೆ ಸಂಶಯ. ಹಾಲಿನ ಕೆನೆ ಕಡಿಮೆಯಾದರೆ ಅವ್ವ ಮೊದಲು ನನ್ನ ತುಟಿ ನೋಡುತ್ತಿದ್ದಳು. ರಿಬ್ಬನ್ ಸಿಗದಿದ್ದರೆ ಅಕ್ಕ ನೇರವಾಗಿ ಬಂದು ನನ್ನ ಹಾಸಿಗೆ ಜಾಡಿಸುತ್ತಿದ್ದಳು. ನಾನೂ ಏನು ಕಡಿಮೆ ಇರಲಿಲ್ಲ. ಬೆಕ್ಕು ಕಣ್ಣು ಮುಚ್ಚಿ ಮಲಗಿದ್ದರೆ, ಅದು ಖರೇನೇ ನಿದ್ದೆ ಮಾಡುತ್ತಿದೆಯೋ ನಾಟಕ ಮಾಡುತ್ತಿದೆಯೋ ಎಂದು ಬಗ್ಗಿ ನೋಡಿ ಬರುತ್ತಿದ್ದೆ.

ಆಗ ನಾವು ಧಾರವಾಡದ ಲಕಮನಹಳ್ಳಿಯಲ್ಲಿದ್ದೆವು. ಅಪ್ಪ ಹತ್ತಿರದ ಒಂದು ಸಣ್ಣ ಕಾರ್ಖಾನೆಗೆ ಹೋಗುತ್ತಿದ್ದ. ಬೆಳಗಿನಿಂದ ಸಂಜೆಯವರೆಗೆ ಬೋಲ್ಟಿಗೆ ಸುರುಳಿ ಗೆರೆ ಕೊರೆಯುವುದೇ ಅವನ ಕೆಲಸ. ಮೊದಲು ಅವನು ಬೀಡಿ ಸೇದುತ್ತಿದ್ದ. ಒಂದು ಚಳಿಗಾಲ ಕೆಮ್ಮು ಹತ್ತಿ, ಎದೆ ಗೊರಗೊರ ಅನ್ನತೊಡಗಿದಾಗ ಅವ್ವ ಆಣೆ ಮಾಡಿಸಿ ಬಿಡಿಸಿದ್ದಳು. "ಇನ್ನೊಮ್ಮೆ ಬೀಡಿ ಮುಟ್ಟಿದ್ರ ಎರಡೂ ಹುಡುಗ್ಯಾರನ್ನ ಕರಕೊಂಡು ಹೆಬ್ಬಳ್ಳಿಗೆ ಹೊಕ್ಕೇನಿ ನೋಡ್ರಿ" ಎಂದಿದ್ದಳು. ಹೆಬ್ಬಳ್ಳಿ ಅವ್ವನ ತವರು. ಅವ್ವ ಬರೀ ಬಾಯಿಮಾತಿಗೆ ಹೇಳುವವಳಲ್ಲ.

ಒಂದು ರವಿವಾರ ಬೆಳಿಗ್ಗೆ ನಾನು ಹಾಸಿಗೆಗಳ ಹಿಂದೆ ಬಚ್ಚಿಟ್ಟಿದ್ದ ಪೌಡರ್ ಡಬ್ಬಿ ತೆಗೆದೆ. ಅದರಲ್ಲಿ ನನ್ನ ಆಸ್ತಿ ಇತ್ತು, ಗಾಜಿನ ಬಳೆಚೂರು. ಹಸಿರು, ಕೆಂಪು, ಅರಿಶಿನ ಬಣ್ಣ, ಚಿನ್ನದ ಚುಕ್ಕೆಯವು. ಅವನ್ನು ಗುಡ್ಡೆ ಹಾಕಿ, ಬೇರೆಯದು ಅಲುಗದಂತೆ ಒಂದೊಂದಾಗಿ ಎತ್ತುವುದು ನಮ್ಮ ಆಟ. ಅಂದು ಡಬ್ಬಿ ಅಲ್ಲಾಡಿಸಿದರೆ ಬಂದ ಸಪ್ಪಳವೇ ಬೇರೆ. ಅರ್ಧಕ್ಕರ್ಧ ಖಾಲಿಯಾಗಿತ್ತು.

"ನನ್ನ ಬಳಿಚೂರು ಕೊಡು" ಎಂದು ಅಕ್ಕನ ಜಡೆ ಹಿಡಿದೆ.

"ನಿನ್ನ ತಿಪ್ಪಿ ಸಾಮಾನು ತಗೊಂಡು ನಾ ಏನ್ ಮಾಡ್ಲಿ? ಜಡಿ ಬಿಡು. ಇಲ್ಲಂದ್ರ ಅವ್ವಗ ಹೇಳತೇನಿ."

ಜಡೆ ಬಿಟ್ಟೆ. ಅವ್ವನಿಗೆ ಹೇಳುವಂತಿರಲಿಲ್ಲ. ಒಡೆದ ಬಳೆ ಮನೆಯಲ್ಲಿರಬಾರದು ಎಂದು ಅವ್ವ ಅವನ್ನು ಅಂದಂದೇ ತಿಪ್ಪೆಗೆ ಎಸೆಯುತ್ತಿದ್ದಳು. ಬಳೆ ಒಡೆಯಿತು ಎಂಬ ಮಾತನ್ನೂ ಆಡುತ್ತಿರಲಿಲ್ಲ, "ಬಳಿ ಹೆಚ್ಚಾತು" ಎನ್ನುತ್ತಿದ್ದಳು. ನಾನು ತಿಪ್ಪೆಯಿಂದ ಆರಿಸಿ ತಂದು ಕೂಡಿಸಿಟ್ಟವು ಅವು. ಅಂದಮೇಲೆ ಕದ್ದವರು ಯಾರು? ಬೆಕ್ಕಿನ ಮೇಲೂ ಒಂದು ಕಣ್ಣಿಟ್ಟೆ.

ಅಷ್ಟರಲ್ಲಿ ಅಡುಗೆಮನೆಯಲ್ಲಿ ಅವ್ವ ಸೀಮೆಎಣ್ಣೆಯ ಡಬ್ಬಿ ಎತ್ತಿ ಹಿಡಿದು ಅಲ್ಲಾಡಿಸುತ್ತಿದ್ದಳು. "ಚಿಮಣಿ ಎಣ್ಣಿ ಎಲ್ಲಿ ಹೊಂಟೈತಿ? ಕುಡಿಯವರು ಯಾರ ಅದಾರ ಈ ಮನ್ಯಾಗ?" ಎಂದು ತನಗೆ ತಾನೇ ಅನ್ನುತ್ತಿದ್ದಳು. ಆಮೇಲೆ ಗೂಟಕ್ಕೆ ತೂಗುಹಾಕಿದ್ದ ಅಪ್ಪನ ಅಂಗಿ ತೆಗೆದು ಮೂಸಿದಳು. ಹೊಗೆಯ ವಾಸನೆ. ಇನ್ನೊಮ್ಮೆ ಮೂಸಿದಳು. ಅವ್ವನಿಗೆ ತನ್ನ ಮೂಗಿನ ಮೇಲೆ ಬಹಳ ನಂಬಿಕೆ.

ಮಧ್ಯಾಹ್ನ ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ ಉಂಡ ಮೇಲೆ ಅಪ್ಪ ಮೆಲ್ಲಗೆ ಎದ್ದ. "ಒಂದೀಟು ಕಟ್ಟಿಗಿ ಒಡದು ಬರ್ತೇನಿ" ಎಂದು ಹಿತ್ತಲಿನ ಕಟ್ಟಿಗೆ ಕೋಣೆಗೆ ಹೋದ. ಬಾಗಿಲು ಮುಚ್ಚಿತು. ನಾವು ಮೂವರೂ ಕಿವಿಗೊಟ್ಟು ಕುಳಿತೆವು. ಕೊಡಲಿಯ ಸಪ್ಪಳವೇ ಇಲ್ಲ.

ಅವ್ವ ನನ್ನನ್ನು ಹತ್ತಿರ ಎಳೆದುಕೊಂಡಳು. "ಹೋಗಿ ನೋಡಿ ಬಾ. ಬೀಡಿ ಸೇದಾಕತ್ತಾನೋ ಇಲ್ಲೋ, ಅಷ್ಟ ಹೇಳು." ಹೇಳುತ್ತಲೇ ಗೂಟದ ಚೀಲ ಇಳಿಸಿ ಅದರಲ್ಲಿ ಸೀರೆ ಮಡಚಿ ಇಡತೊಡಗಿದಳು.

ಕಟ್ಟಿಗೆ ಕೋಣೆಯ ಬಾಗಿಲಿನ ಹಲಗೆಗಳ ನಡುವೆ ಬೆರಳಗಲ ಸಂದು ಇತ್ತು. ಕಣ್ಣು ಇಟ್ಟೆ. ಒಣ ಜಾಲಿಯ ವಾಸನೆ, ಅದರ ಜೊತೆ ಸೀಮೆಎಣ್ಣೆಯ ವಾಸನೆ. ಒಳಗೆ ಅಪ್ಪ ಕಟ್ಟಿಗೆ ತುಂಡಿನ ಮೇಲೆ ಕುಳಿತಿದ್ದ. ಮುಂದೆ ಚಿಮಣಿ ದೀಪ ಉರಿಯುತ್ತಿತ್ತು. ಇಕ್ಕಳದಲ್ಲಿ ಒಂದು ಹಸಿರು ಬಳೆಚೂರು ಹಿಡಿದು ಉರಿಯ ತುದಿಗೆ ತಾಗಿಸಿದ್ದ. ಗಾಜು ಮೆಲ್ಲಗೆ ಕೆಂಪಾಗಿ, ನಿದ್ದೆ ಬಂದವರ ಕತ್ತಿನಂತೆ ಬಾಗಿತು. ಅದನ್ನು ಮೊದಲೇ ಬಗ್ಗಿಸಿಟ್ಟಿದ್ದ ಕೊಂಡಿಯೊಳಗೆ ತೂರಿಸಿ ಎರಡೂ ತುದಿ ಕೂಡಿಸಿದ. ಅವನ ತೊಡೆಯ ಮೇಲೆ ಬಣ್ಣಬಣ್ಣದ ಸರಪಳಿ ಹೊರಳಿಕೊಂಡು ಬಿದ್ದಿತ್ತು. ಕಾಪಿ ಬರೆಯುವಾಗ ನಾನು ಮಾಡುವಂತೆ ಅಪ್ಪ ನಾಲಿಗೆಯ ತುದಿ ಹೊರಗೆ ಚಾಚಿದ್ದ.

ನಾನು ಬಾಗಿಲು ನೂಕಿದೆ. "ಅವು ನನ್ನವು."

ಅಪ್ಪ ಬೆಚ್ಚಿಬಿದ್ದು ದೀಪ ಊದಿದ. "ಮೆಲ್ಲಕ ಮಾತಾಡವಾ. ಯಾರ ಕಳಿಸ್ಯಾರ ನಿನ್ನ?"

"ಅವ್ವ. ನೀ ಬೀಡಿ ಸೇದತಿ ಅಂತ ಚೀಲಾ ತುಂಬಾಕತ್ತಾಳ."

ಅಪ್ಪ ತಲೆ ಕೆರೆದುಕೊಂಡ. "ಬೀಡಿ ಬಿಟ್ಟಮ್ಯಾಲೆ ಕೈ ಸುಮ್ಮನ ಕುಂಡ್ರವಲ್ಲವು. ದಿನಾ ಅದ ಬೋಲ್ಟು, ಅದ ಗೆರಿ. ಇಲ್ಲೆ ಕುಂತು ಒಂದೆರಡು ಕೊಂಡಿ ಬಗ್ಗಿಸಿದ್ರ ತಲಿ ಹಗೂರ ಆಕ್ಕೈತಿ."

"ಹಂಗಾರ ಅವ್ವಗ ಹಂಗ ಹೇಳು."

"ಹುಚ್ಚಿ ಅದೀ ನೀ. ಬೀಡಿ ಸೇದತಾನ ಅಂದ್ರ ಯಾರೂ ನಗಂಗಿಲ್ಲ. ಗಂಡಸು ಬಳಿಚೂರು ಹಿಡಕೊಂಡು ಕುಂಡ್ರತಾನ ಅಂದ್ರ ಕಾರ್ಖಾನ್ಯಾಗ ನನಗ ಬಳಿ ಇಡಸ್ತಾರ. ಒಡದ ಬಳಿ ಕಂಡ್ರ ನಿಮ್ಮವ್ವ ಚಿಮಣಿ ಸುದ್ದಾ ತಿಪ್ಪಿಗೆ ಒಗಿತಾಳ. ಹೇಳಬ್ಯಾಡ."

ನಾನು ಕಾಲೆಳೆಯುತ್ತ ಒಳಗೆ ಬಂದೆ. ಚೀಲದ ಬಾಯಿ ಕಟ್ಟಿ ಆಗಿತ್ತು.

"ಸೇದಾಕತ್ತಾನೇನ?"

"ಇಲ್ಲವ್ವ. ಕಟ್ಟಿಗಿ ಒಡಿಯಾಕತ್ತಾನ."

"ಸಪ್ಪಳ ಇಲ್ಲದ?" ಅವ್ವ ನನ್ನ ತಲೆ ಹಿಡಿದು ಕೂದಲು ಮೂಸಿದಳು. ಅವಳ ಹುಬ್ಬು ಮೇಲೇರಿತು. "ಏನ, ನಿನಗೂ ಕಲಿಸಿದನೇನ?"

ಅಕ್ಕ ಕಿಸಕ್ಕನೆ ನಕ್ಕಳು. ಆದರೆ ಅವ್ವ "ನಡೀರಿ, ಇಬ್ಬರೂ ಚಪ್ಪಲ್ ಹಾಕ್ಕೋರಿ" ಎಂದಾಗ ಅವಳ ಮುಖವೂ ಸಣ್ಣದಾಯಿತು. ಹೆಬ್ಬಳ್ಳಿ ನನಗೆ ಇಷ್ಟವೇ. ಅಲ್ಲಿ ಹಸಿ ಕಡಲೆ, ಬೆಲ್ಲ ಎಲ್ಲ ಸಿಗುತ್ತಿತ್ತು. ಆದರೆ ಅಪ್ಪನಿಲ್ಲದ ಹೆಬ್ಬಳ್ಳಿ ಬೇಡವಾಗಿತ್ತು. ಮತ್ತೆ ಹಿತ್ತಲಿಗೆ ಓಡಿದೆ.

"ಅಪ್ಪಾ, ಅವ್ವ ಚೀಲಾ ಹಿಡಕೊಂಡು ಮುಂದಿನ ಕಟ್ಟಿ ಮ್ಯಾಲೆ ನಿಂತಾಳ. ನಮ್ಮನ್ನೂ ಒಯ್ಯಾಕತ್ತಾಳ. ನಾ ಏನೂ ಹೇಳಿಲ್ಲ. ಈಗ ನೀನ ಬಂದು ಹೇಳು."

ಅಪ್ಪ ಇಕ್ಕಳ ಕೆಳಗಿಟ್ಟ. ಆಮೇಲೆ ಸರಪಳಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ನನ್ನ ಹಿಂದೆ ಬಂದ. ಕಟ್ಟೆಯ ಮೇಲೆ ಟವೆಲು ಬಿಚ್ಚಿದ. ಬಿಸಿಲಿಗೆ ಬಳೆಚೂರುಗಳೆಲ್ಲ ಹೊಳೆದವು.

ಅವ್ವ ಅವುಗಳತ್ತ ನೋಡಲೇ ಇಲ್ಲ. "ಬಾಯಿ ತಗೀರಿ" ಎಂದಳು. ಅಪ್ಪ ಬಾಯಿ ತೆರೆದ. ಅವಳು ಹತ್ತಿರ ಹೋಗಿ ಮೂಸಿದಳು. ಬೆರಳು ಮೂಸಿದಳು. ಆಮೇಲೆ ಸರಪಳಿ ಎತ್ತಿ ಹಿಡಿದಳು.

"ಇದನ್ನ ಯಾರ ಕಡಿಂದ ತಂದ್ರಿ?"

"ನಾನ ಮಾಡೇನಿ. ಬೀಡಿ ನೆನಪಾದಾಗೆಲ್ಲ ಇದನ್ನ ಮಾಡಾಕತ್ತಿದ್ದೆ."

"ನೀವು ಮಾಡೀರಿ? ಹಂಗಾರ ಒಂದ ಕೊಂಡಿ ಮಾಡಿ ತೋರಸ್ರಿ."

"ಒಳಗ ನಡಿ, ತೋರಸ್ತೇನಿ."

"ಒಳಗ್ಯಾಕ? ಕದ್ದ ಮಾಲೇನ? ಇಲ್ಲೇ ಮಾಡ್ರಿ."

ರವಿವಾರದ ಓಣಿ. ಎದುರು ಮನೆಯವರು ಸೊಪ್ಪು ಸೋಸುತ್ತಿದ್ದರು. ಅಪ್ಪ ಓಣಿಯನ್ನೊಮ್ಮೆ ನೋಡಿದ, ಅವ್ವನ ಕೈಯಲ್ಲಿದ್ದ ಚೀಲವನ್ನೊಮ್ಮೆ ನೋಡಿದ. ಆಮೇಲೆ ಅಲ್ಲೇ ಚಕ್ಕಳಮಕ್ಕಳ ಹಾಕಿ ಕುಳಿತ. ಅಕ್ಕ ಓಡಿಹೋಗಿ ಚಿಮಣಿ, ಇಕ್ಕಳ ತಂದಳು. ಆದರೆ ನನ್ನ ಪೌಡರ್ ಡಬ್ಬಿಯಲ್ಲಿ ಉಳಿದಿದ್ದ ಚೂರುಗಳೆಲ್ಲ ಬಗ್ಗಿಸಲು ಬಾರದಷ್ಟು ಚಿಕ್ಕವು. ನನ್ನ ಲಂಗದ ಮಡಿಕೆಯಲ್ಲಿ ಒಂದು ಉದ್ದನೆಯದಿತ್ತು, ನವಿಲುಗತ್ತಿನ ಬಣ್ಣದ್ದು. ಯಾರನ್ನೂ ನಂಬದೆ ಅದೊಂದನ್ನು ನಾನು ಮೈಮೇಲೇ ಇಟ್ಟುಕೊಂಡಿದ್ದೆ. ಕೊಡಲು ಮನಸ್ಸಿರಲಿಲ್ಲ. ಅವ್ವನ ಕಾಲಲ್ಲಿ ಚಪ್ಪಲಿ ಕಂಡವು. ಕೊಟ್ಟೆ.

ಗಾಜು ಕೆಂಪಾಗುವ ಹೊತ್ತಿಗೆ ಸರಿಯಾಗಿ ಅಪ್ಪನ ಕಾರ್ಖಾನೆಯ ಒಬ್ಬರು ಸೈಕಲ್ ಮೇಲೆ ಬಂದರು. ಒಂದು ಕಾಲು ನೆಲಕ್ಕೂರಿ ನಿಂತರು. "ಏನಪಾ, ಬೋಲ್ಟು ಬಿಟ್ಟು ಬಳಿ ಹಿಡದೀ?"

ಅಪ್ಪನ ಕಿವಿ ಕೆಂಪಾದವು. ಕಣ್ಣು ಎತ್ತಿದರೆ ಗಾಜು ಸೊಟ್ಟಗಾಗುತ್ತಿತ್ತು. ಎತ್ತಲಿಲ್ಲ. ಕೊಂಡಿ ಬಾಗಿ, ತುದಿಗೆ ತುದಿ ಕೂಡಿದ ಮೇಲೆಯೇ ಮಾತಾಡಿದ. "ಹೂಂ. ನಿಮ್ಮ ಮನ್ಯಾಗ ಒಡದ ಬಳಿ ಇದ್ರ ಕಳಸು."

"ಹೆಚ್ಚಾದ ಬಳಿ ಅನ್ರಿ" ಎಂದು ಅವ್ವ ತಿದ್ದಿದಳು. ಸೈಕಲ್ಲಿನವರ ಕಡೆಗೆ ತಿರುಗಿ, "ಕೆಂಪೂವು ಇದ್ರ ಛಲೋ ಆಕ್ಕೈತ್ರಿ, ನಮ್ಮಲ್ಲೆ ಹಸರು ಭಾಳ ಅದಾವು" ಎಂದಳು. ಅವರು ಪೆಡಲು ತುಳಿದು ಹೊರಟುಹೋದರು. ಅವ್ವ ಚಪ್ಪಲಿ ಬಿಟ್ಟಳು. ಅಪ್ಪನ ಎದುರು ಕುಳಿತು ಸರಪಳಿಯ ಒಂದೊಂದೇ ಕೊಂಡಿಯನ್ನು ಬೆರಳಲ್ಲಿ ತಿರುಗಿಸಿ ನೋಡಿದಳು. "ಇಲ್ಲೆ ಹಸರಿನ ಬಾಜೂಕ ಹಸರ ಯಾಕ ಹಾಕೀರಿ?" ಎಂದು ಕೇಳಿದಳು. ಅಂದು ನಾವು ಹೆಬ್ಬಳ್ಳಿಗೆ ಹೋಗಲಿಲ್ಲ.

ಅವ್ವನ ಸಂಶಯ ಹೋಯಿತೆಂದುಕೊಳ್ಳಬೇಡಿ. ಆಮೇಲೆ ಎಷ್ಟೋ ವರ್ಷ, ಕಾರ್ಖಾನೆಯಿಂದ ಬಂದ ಅಪ್ಪನ ಅಂಗಿ ಮೂಸಿಯೇ ಗೂಟಕ್ಕೆ ಹಾಕುತ್ತಿದ್ದಳು. ಆದರೆ ರವಿವಾರ ಮಧ್ಯಾಹ್ನ ಅಪ್ಪ ಬಹಿರಂಗವಾಗಿ ಕಟ್ಟೆಯ ಮೇಲೆ ಕೂರುತ್ತಿದ್ದ. ಕಾವಲಿಗೆಂದು ಎದುರು ಕುಳಿತ ಅವ್ವ ಬರಬರುತ್ತ ಬಣ್ಣ ಆರಿಸಿ ಕೊಡತೊಡಗಿದಳು. ಸೋಮವಾರ ಮತ್ತೆ ಅದೇ ಬೋಲ್ಟು, ಅದೇ ರೊಟ್ಟಿ.

ಈಗ ನನ್ನ ಮೊಮ್ಮಕ್ಕಳ ಮನೆಯಲ್ಲಿ ಸೀಮೆಎಣ್ಣೆಯ ಹೆಸರೂ ಇಲ್ಲ. ಬಳೆಗಳೂ ಪ್ಲಾಸ್ಟಿಕ್ಕಿನವು, ಬಿದ್ದರೆ ಪುಟಿದು ಸುಮ್ಮನಾಗುತ್ತವೆ. ಮಕ್ಕಳೇ, ನೀವು ಕಾಗದದ ಹೂ ಮಾಡಿದರೆ ಅಂಟು ಆರುವ ಮೊದಲೇ ಅದರ ಫೋಟೊ ಊರೆಲ್ಲ ಸುತ್ತಿ ಬಂದಿರುತ್ತದೆ. ಅಪ್ಪ ಯಾರಾದರೂ ನೋಡಿಬಿಟ್ಟರೆ ಎಂದು ಹೆದರುತ್ತಿದ್ದ. ನೀವು ಯಾರೂ ನೋಡಲಿಲ್ಲ ಎಂದು ಮುಖ ಊದಿಸುತ್ತೀರಿ. ಎರಡೂ ಸರಿ ಎಂದು ನನಗೆ ಅನ್ನಿಸುವುದಿಲ್ಲ. ಗಾಜು ಬಾಗುವ ಆ ಗಳಿಗೆಯಲ್ಲಿ ಅಪ್ಪನಿಗೆ ಓಣಿಯ ನೆನಪೇ ಇರಲಿಲ್ಲ, ಅದೊಂದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಒಂದು ವಾರದಿಂದ ನಾನು ಊಟವಾದ ಮೇಲೆ ಕೋಣೆಯ ಬಾಗಿಲು ಎಳೆದುಕೊಂಡು, ಫೋನಿನಲ್ಲಿ ಒಂದೊಂದೇ ಅಕ್ಷರ ಒತ್ತಿ ಇದನ್ನು ಬರೆಯುತ್ತಿದ್ದೇನೆ. ಹೊರಗೆ ಮೊಮ್ಮಗಳು ತಮ್ಮನಿಗೆ ಹೇಳುತ್ತಿದ್ದಾಳೆ, "ಅಜ್ಜಿ ಯಾರ ಜೋಡಿ ಚಾಟಿಂಗ್ ಮಾಡಾಕತ್ತಾಳೋ ಏನೋ, ಹೋಗಿ ನೋಡು." ನಾನು ಮುಂದಿನ ಅಕ್ಷರ ಒತ್ತುತ್ತೇನೆ. ಬಾಗಿಲಿಗೆ ಚಿಲಕ ಹಾಕಿಲ್ಲ.