ಹಾಸಿಗೆ ಹಿಡಿದವಳಿಗೆ ಹೇಳಿದ ದಾರಿ

ನಾನು ಶಾಲೆ ಬಿಟ್ಟದ್ದು 1984ರಲ್ಲಿ, ಏಳನೆಯ ತರಗತಿಗೆ. ಅಂದಿನಿಂದ ದುಡಿದೇ ತಿಂದಿದ್ದೇನೆ, ಯಾರ ಮುಂದೆಯೂ ಕೈಚಾಚಿಲ್ಲ. 2011ರಲ್ಲಿ ಹೆಂಡತಿ ಶ್ವಾಸಕೋಶದ ಕಾಯಿಲೆಯಿಂದ ಹಾಸಿಗೆ ಹಿಡಿದಾಗ ಮಹಾಪೆಯಲ್ಲಿ ನನ್ನದೇ ಕ್ಯಾಂಟೀನ್ ಇತ್ತು. ಡೊಂಬಿವಲಿಯ ನಮ್ಮ ಮನೆಗೆ ಫ್ಯಾಕ್ಟರಿಗಳ ವಾಸನೆ ನುಗ್ಗುತ್ತದೆಂದು ಕಿಟಕಿಗಳನ್ನು ಮುಚ್ಚಿಯೇ ಇಡುತ್ತಿದ್ದೆವು. ಮನೆಗೆ ಬಂದ ಮೇಲೆ ವಾರಪತ್ರಿಕೆಯಲ್ಲಿ ಬರುವ ಹಿಮಾಲಯದ ಪ್ರವಾಸಕಥನವನ್ನು ತಡವರಿಸುತ್ತ ಅವಳಿಗೆ ಓದುತ್ತಿದ್ದೆ. ಒಂದು ದಿನ ತಡೆದಳು.

“ಆ ಹಿಮ ಸಾಕು ಮಾರಾಯ್ರೆ, ಕೇಳಿಯೇ ಚಳಿ ಆಗ್ತದೆ. ನೀವು ಬಂದ ದಾರಿ ಹೇಳಿ.”

“ಲೋಕಲ್ ರೈಲಿನಲ್ಲಿ ಜನರ ಬೆನ್ನು ಬಿಟ್ಟರೆ ಎಂತ ಉಂಟು ಕಾಣ್ಲಿಕ್ಕೆ?”

“ನಾಳೆ ಬಾಗಿಲ ಹತ್ರ ನಿಂತ್ಕೊಳ್ಳಿ.”

ನಿಂತೆ. ಮುಂಬ್ರಾದ ಗುಡ್ಡ ಕಂಡಿತು. ಮತ್ತೊಂದು ದಿನ ಐರೋಲಿಯಲ್ಲಿ ಇಳಿದು ಸಮುದ್ರದ ನೀರು ಒಳನುಗ್ಗುವ ಖಾಡಿಯ ದಂಡೆಗೂ ಹೋದೆ. ನಾರುವ ಕೆಸರಿನಲ್ಲಿ ಒಂಟಿ ಕಾಲಲ್ಲಿ ನಿಂತ ಫ್ಲೆಮಿಂಗೊಗಳ ಬಗ್ಗೆ ಹೇಳುವಾಗ ಅವಳ ಕೆಮ್ಮು ತುಸು ತಡೆಯುತ್ತಿತ್ತು, ಅಥವಾ ನನಗೆ ಹಾಗನ್ನಿಸುತ್ತಿತ್ತು.

ಮರುವರ್ಷ ಅವಳು ತೀರಿಕೊಂಡಳು. ಹೇಳುತ್ತಿದ್ದುದನ್ನು ಬರೆಯತೊಡಗಿದೆ. ಬರೆಯುವಷ್ಟು ಹೊತ್ತು ಮನೆಯೊಳಗೆ ಕೂರಲು ಆಗುತ್ತದೆ.

ಈಗ ನನ್ನ ಬಳಿ ಒಂದು ಮನೆ, ಒಂದು ಕ್ಯಾಂಟೀನ್, ಹನ್ನೊಂದು ಬರಹಗಳಿವೆ. ಕೇಳುವವರು ಯಾರೂ ಇಲ್ಲ.