ಅವ್ವನ ಹಳದಿ ಅರಿವೆ

ಕಿಂಗ್ಸ್‌ಬರಿಯ ನಮ್ಮ ಫ್ಲ್ಯಾಟಿನಲ್ಲಿ ಭಾನುವಾರವೆಂದರೆ ಟೀವಿಯಲ್ಲಿ ಗಂಡನ ಅಮೆರಿಕನ್ ಫುಟ್‌ಬಾಲ್. ಅದರಲ್ಲಿ ತಪ್ಪು ಕಂಡರೆ ರೆಫರಿ ಹಳದಿ ಬಟ್ಟೆ ಎಸೆಯುತ್ತಾನೆ.

"ನಮ್ಮವ್ರು ಅಂಗಿ ಜಗ್ಗಿದ್ರ ತಪ್ಪು, ಅವ್ರು ಜಗ್ಗಿದ್ರ ತಪ್ಪಲ್ಲೇನು? ರೆಫರಿಗೆ ಕಣ್ಣಿಲ್ಲೇನು?" ಎಂದು ಇವರು ಕೂಗಾಡುತ್ತಿದ್ದರು.

ಧಾರವಾಡದಿಂದ ಬಂದಿದ್ದ ನನ್ನ ಅವ್ವನಿಗೆ ಆ ಬಟ್ಟೆ ಬಹಳ ಹಿಡಿಸಿತು. ಒಂದು ಭಾನುವಾರ ಅಡುಗೆಮನೆಯ ಹಳದಿ ಅರಿವೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದವಳೇ, ಚಹಾದ ಕಪ್ಪನ್ನು ಸೋಫಾದ ಮೇಲೆ ಬಿಟ್ಟೆನೆಂದು ಆ ಅರಿವೆಯನ್ನು ನನ್ನ ಮುಖಕ್ಕೆ ಎಸೆದಳು. ಪಕ್ಕದಲ್ಲೇ ಇವರ ಕಪ್ಪೂ ಇತ್ತು.

"ನಿನ್ನ ಅಳಿಯಂದು ಕಾಣ್ಸಲಿಲ್ಲೇನವ್ವಾ?"

"ಅಳಿಯಂದ್ರ ತಪ್ಪು ಯಾರರೆ ಹಿಡೀತಾರೇನು, ಹುಚ್ಚಿ?"

ಮೈಯೆಲ್ಲ ಉರಿದು ಗಂಡನ ಕಡೆ ತಿರುಗಿದೆ. ಅಲ್ಲಿಯವರೆಗೂ ರೆಫರಿಗೆ ಶಾಪ ಹಾಕುತ್ತಿದ್ದವರು ಗಂಭೀರವಾಗಿ ಹೇಳಿದರು: "ರೆಫರಿಗೆ ಎದುರಾಡಬಾರ್ದು."