ಮೇಷ್ಟ್ರು ತಿಂದದ್ದು ಏನು

ಕೆಳಗಿನ ಹಿಟ್ಟಿನ ಗಿರಣಿಯ ಬೆಲ್ಟು ಪಟಪಟನೆ ಬಡಿದುಕೊಳ್ಳುತ್ತಿತ್ತು. ಆ ಸದ್ದಿನ ಮೇಲೆಯೇ ವರ್ಷಗಟ್ಟಲೆ ಮಲಗಿ ಎದ್ದವಳಿಗೆ ಅದು ಸದ್ದೇ ಅಲ್ಲ, ನಿಂತಾಗ ಮಾತ್ರ ಕೇಳಿಸುವಂಥದ್ದು. ಅವತ್ತು ಬೆಳಿಗ್ಗೆ ಕರೆಂಟು ಹೋಗಿ ಗಿರಣಿ ನಿಂತಿತು. ಆದರೆ ಅರೆಯುವ ಸದ್ದು ನಿಲ್ಲಲಿಲ್ಲ. ಕೋಣೆಯೊಳಗೇ, ಕಿಟಕಿಯ ಕೆಳಗೆ, ಯಾರೋ ಕಟಕಟನೆ ಹಲ್ಲು ಕಡಿಯುತ್ತಿದ್ದರು.

ಮೇಷ್ಟ್ರು. ಮೈಯೆಲ್ಲ ಬಿಳಿ, ಕಣ್ಣಿನ ಸುತ್ತ ಕನ್ನಡಕ ಬರೆದ ಹಾಗೆ ಕಪ್ಪು ಉಂಗುರವಿದ್ದ ಮೊಲ. ಹೆಸರಿಟ್ಟವನು ಅವಳ ಗಂಡ. ‘ನನ್ನ ಲೆಕ್ಕವೆಲ್ಲ ತಪ್ಪು ಅನ್ನೋ ಹಾಗೇ ನೋಡ್ತದೆ’ ಎಂದು ನಗುತ್ತಿದ್ದ. ಕಾಯಿಲೆ ಬಿದ್ದ ಮೇಲೆ ಅದನ್ನು ಎದೆಯ ಮೇಲೆ ಕೂರಿಸಿಕೊಂಡೇ ಮಲಗುತ್ತಿದ್ದ. ಅವನು ಹೋಗಿ ವರ್ಷ ದಾಟಿದ್ದರೂ ಸಂಜೆ ಪಂಜರದ ಬಾಗಿಲು ತೆರೆದರೆ ಮೇಷ್ಟ್ರು ನೇರ ಮಂಚದ ಆ ಬದಿಗೇ ಹೋಗಿ ಕೂರುತ್ತಿತ್ತು.

ಈಗ ಅದು ಮೂಲೆಯಲ್ಲಿ ಬೆನ್ನು ಬಾಗಿಸಿ ಮುದುರಿಕೊಂಡಿತ್ತು. ನೀರು ಹಾಗೇ ಇತ್ತು. ಹಿಕ್ಕೆ ಒಂದೆರಡು ಮಾತ್ರ, ಅವೂ ಸಾಸಿವೆಯಷ್ಟು. ಎತ್ತಿಕೊಂಡಾಗ ಹೊಟ್ಟೆ ಬಿಗಿದಿತ್ತು, ಕಿವಿ ತಣ್ಣಗಿತ್ತು. ಪಂಜರದ ತಂತಿಗೆ ಬಿಗಿದಿದ್ದ ಯಾವುದೋ ಗಂಟು ಅವಳ ಕೈಗೆ ತರಚಿತು. ಅವಳಿಗೆ ಅದರ ಪರಿವೆಯೇ ಇರಲಿಲ್ಲ. ಮನಸ್ಸೆಲ್ಲ ನಿನ್ನೆ ಹಾಕಿದ ಸೊಪ್ಪಿನ ಮೇಲಿತ್ತು.

ಓಣಿಯಲ್ಲಿ ಅವಳನ್ನು ಕತ್ತರಿಯಕ್ಕ ಎನ್ನುತ್ತಾರೆ. ಹೂಗುಚ್ಛ ಕಟ್ಟುವ ಅಂಗಡಿಯಲ್ಲಿ ಕೆಲಸ. ದಿನವಿಡೀ ಕಡ್ಡಿಗಳ ಎಲೆ ಸವರಿ, ತುದಿ ಓರೆಯಾಗಿ ಕತ್ತರಿಸಿ, ಬಕೆಟಿನ ನೀರಿಗೆ ಇಳಿಸಬೇಕು. ಮದುವೆಯ ಹೂವಿಗೂ ಸಾವಿನ ಹೂವಿಗೂ ಅದೇ ಕತ್ತರಿ. ಬೆರಳ ತುದಿಯ ಹಸಿರು ಯಾವ ಸೋಪಿಗೂ ಜಗ್ಗದು. ಸಂಜೆ ಕಸದ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಮೇಷ್ಟ್ರಿಗೆ ಆಗುವ ಎಲೆಯನ್ನು ಒಂದೊಂದಾಗಿ ಮೂಸಿ ಆರಿಸುತ್ತಿದ್ದಳು. ಕೆಲವಕ್ಕೆ ಹೊಳಪಿನೆಣ್ಣೆ ಸಿಂಪಡಿಸಿರುತ್ತಾರೆ, ಕೆಲವು ಹುಟ್ಟಿನಿಂದಲೇ ವಿಷ. ಆರಿಸದೆ ಒಂದೆಲೆಯನ್ನೂ ಅವಳು ಮನೆಗೆ ತಂದವಳಲ್ಲ.

ನಿನ್ನೆ ಮಾತ್ರ ಆರಿಸಲಿಲ್ಲ.

ಅದೇ ಮೇಜಿನ ಆಚೆ ಬದಿಗೆ ಅವಳ ನಾದಿನಿ ಕೂರುತ್ತಾಳೆ, ಗುಚ್ಛಗಳಿಗೆ ರಿಬ್ಬನ್ನು ಕಟ್ಟುವ ಕೆಲಸ. ಅಣ್ಣ ಹೋದ ದಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ನಾದಿನಿ ಒಂದು ಮಾತು ಆಡಿದ್ದಳು: ‘ನಿನ್ನ ಕೈಯಲ್ಲಿ ಏನೂ ಬದುಕಲ್ಲ.’ ಅಲ್ಲಿಂದ ಇಬ್ಬರಿಗೂ ಮಾತಿಲ್ಲ. ಒಬ್ಬಳಿಗೆ ದಾರದುಂಡೆ ಬೇಕಾದರೆ ಅಂಗಡಿಯ ಯಜಮಾನರಿಗೆ ಹೇಳಬೇಕು, ಅವರು ಎರಡು ಮೊಳ ದೂರ ಕೂತ ಇನ್ನೊಬ್ಬಳಿಗೆ ಹೇಳಬೇಕು. ‘ಇಬ್ಬರದೂ ಹಿಡಿದ ಮೊಲಕ್ಕೆ ಮೂರೇ ಕಾಲು. ನಡುವೆ ನಾನು ಸಂಬಳವಿಲ್ಲದ ಪೋಸ್ಟ್‌ಮ್ಯಾನು’ ಎಂದು ಅವರು ಬಂದವರ ಮುಂದೆಲ್ಲ ಹೇಳಿಕೊಂಡು ನಗುತ್ತಿದ್ದರು.

ನಿನ್ನೆ ಸಂಜೆ ಕತ್ತರಿಯಕ್ಕ ಕೈ ತೊಳೆದು ಬಂದಾಗ, ಅವಳ ಜಾಗದಲ್ಲಿ ಒಂದು ಕಾಗದದ ಪೊಟ್ಟಣವಿತ್ತು. ತುಂಬ ಎಳೆಯ ಸೊಪ್ಪು, ಮೇಲೆ ಹಸಿರು ರಿಬ್ಬನ್ನಿನ ಹೂಗಂಟು. ನಾದಿನಿಯ ಬೆನ್ನು ಬಾಗಿಲು ದಾಟುತ್ತಿತ್ತು. ಮನೆಗೆ ಬಂದು ಬಿಚ್ಚಿ, ಅಭ್ಯಾಸಬಲದಿಂದ ಒಂದೆಲೆಯನ್ನು ಮೂಗಿನ ಹತ್ತಿರ ಹಿಡಿದವಳು ಹಾಗೇ ಇಳಿಸಿದಳು. ವರ್ಷದ ಮೇಲೆ ಕೊಟ್ಟಿದ್ದಾಳೆ, ಅದನ್ನೂ ಮೂಸಿ ನೋಡುವುದೇ? ಯಾವ ಸೊಪ್ಪೆಂದೂ ನೋಡದೆ ಎಲ್ಲವನ್ನೂ ಮೇಷ್ಟ್ರಿಗೆ ಸುರಿದಳು. ರಿಬ್ಬನ್ನನ್ನು ಬಿಸಾಡಲು ಮನಸ್ಸು ಬರಲಿಲ್ಲ. ಪಂಜರದ ತಂತಿಗೆ ಕಟ್ಟಿದಳು. ಇಳಿಬಿದ್ದ ಎರಡು ತುದಿಗಳು ಕಿಟಕಿಯ ಗಾಳಿಗೆ ಆಡುವುದನ್ನು ನೋಡುತ್ತಲೇ ನಿದ್ದೆ ಹೋಗಿದ್ದಳು.

ಈಗ ಪೊಟ್ಟಣ ಖಾಲಿ. ಒಂದು ತೊಟ್ಟೂ ಉಳಿದಿಲ್ಲ.

ಅವಳ ಓಡಾಟ ಕೇಳಿ ಗಿರಣಿಯಜ್ಜ ಮೈಯೆಲ್ಲ ಹಿಟ್ಟು ಮೆತ್ತಿಕೊಂಡೇ ಮೇಲೆ ಬಂದ. ತನ್ನ ನಾಯಿ ಏನೋ ತಿಂದಾಗ ಉಪ್ಪುನೀರು ಹೊಯ್ದು ಕಕ್ಕಿಸಿದ ಕಥೆ ಹೇಳಿ, ಕೇಳದೆಯೇ ಲೋಟದಲ್ಲಿ ಉಪ್ಪು ಕದಡಿದ. ಕತ್ತರಿಯಕ್ಕ ಚಮಚೆಯನ್ನು ಮೇಷ್ಟ್ರ ತುಟಿಯವರೆಗೂ ಒಯ್ದಿದ್ದಳು. ಅಷ್ಟರಲ್ಲಿ, ಅವಳು ಮೊದಲೇ ಮಾಡಿ ಸ್ಪೀಕರಿಗೆ ಹಾಕಿದ್ದ ಫೋನನ್ನು ಪಶು ಆಸ್ಪತ್ರೆಯ ಹೆಂಗಸು ಎತ್ತಿಕೊಂಡಳು. ಮೊಲ ಏನೋ ತಿಂದಿದೆ, ಉಪ್ಪುನೀರು ಕುಡಿಸಲೇ ಎಂದು ಕತ್ತರಿಯಕ್ಕ ಕೇಳಿದಳು.

‘ಏನೂ ಹೊಯ್ಯಬೇಡಿ ಅಮ್ಮ. ಮೊಲಕ್ಕೆ ವಾಂತಿ ಮಾಡೋಕೇ ಬರಲ್ಲ. ಶ್ವಾಸಕೋಶಕ್ಕೆ ಹೋದರೆ ಅಲ್ಲೇ ಮುಗೀತದೆ.’

ಚಮಚೆ ಕೈಜಾರಿ ಬಿತ್ತು. ಅಜ್ಜ ಲೋಟವನ್ನು ಬೆನ್ನ ಹಿಂದೆ ಹಿಡಿದ.

ಆ ಹೆಂಗಸು ಒಂದೊಂದೇ ಕೇಳಿದಳು: ಹಿಕ್ಕೆ ಇದೆಯೇ, ಕಿವಿ ತಣ್ಣಗಿದೆಯೇ, ಹೊಟ್ಟೆ ಉಬ್ಬಿದೆಯೇ. ಬಟ್ಟೆಯಲ್ಲಿ ಸುತ್ತಿ ಬೆಚ್ಚಗಿಟ್ಟುಕೊಂಡು ಈಗಲೇ ಹೊರಡಿ, ಬಲವಂತವಾಗಿ ಏನೂ ತಿನ್ನಿಸಬೇಡಿ ಎಂದಳು. ಕೊನೆಗೆ ಹೇಳಿದಳು: ‘ಏನು ತಿಂದಿದೆ ಅಂತ ತಿಳ್ಕೊಂಡು ಬನ್ನಿ. ವಿಷವಾದ್ರೆ ಒಂದು ಚಿಕಿತ್ಸೆ, ಹೊಟ್ಟೆಯೊಳಗೆ ಏನಾದ್ರೂ ಸಿಕ್ಕಿಕೊಂಡಿದ್ರೆ ಬೇರೆ. ಒಂದಕ್ಕೆ ಕೊಡೋ ಔಷಧಿ ಇನ್ನೊಂದಕ್ಕೆ ಮುಳುವಾಗ್ತದೆ.’

ಏನು ತಿಂದಿದೆ ಎಂದು ಗೊತ್ತಿದ್ದವಳು ನಾದಿನಿ ಒಬ್ಬಳೇ. ಅವಳನ್ನು ಕೇಳುವುದು ಹೇಗೆ? ‘ನೀನು ಕೊಟ್ಟ ಸೊಪ್ಪು ಯಾವುದು’ ಎಂದರೆ ‘ನೀನೇ ವಿಷ ಹಾಕಿದೆ’ ಎಂದಂತೆ. ಕೇಳದಿದ್ದರೆ ಮೇಷ್ಟ್ರು ಉಳಿಯುವುದಿಲ್ಲ. ಆಗ ಮೆಟ್ಟಿಲ ಮೇಲಿನ ಆ ಮಾತು ಎರಡನೇ ಸಲವೂ ನಿಜವಾಗುತ್ತದೆ.

ಗಂಡನ ಹಳೆಯ ಅಂಗಿಯಲ್ಲಿ ಸುತ್ತಿ, ಹೂವು ಬರುವ ರಟ್ಟಿನ ಡಬ್ಬಿಯಲ್ಲಿಟ್ಟು, ಎದೆಗವಚಿಕೊಂಡು ಹೊರಟಳು. ರಸ್ತೆಗಳು ಎಂದಿನಂತೆಯೇ ಇದ್ದವು. ಯಾರೋ ಅಂಗಡಿಯ ಮುಂದೆ ನೀರು ಚೆಲ್ಲುತ್ತಿದ್ದರು, ಯಾರೋ ಬಸ್ಸಿಗೆ ಓಡುತ್ತಿದ್ದರು. ಲೋಕ ಅದರ ಪಾಡಿಗೆ ಇರುವುದು ಅವಳಿಗೆ ಸಹಿಸಲಾಗಲಿಲ್ಲ. ಡಬ್ಬಿಯೊಳಗೆ ಹಲ್ಲು ಕಡಿಯುವ ಸದ್ದು ನಡುನಡುವೆ ನಿಲ್ಲುತ್ತಿತ್ತು. ನಿಂತಾಗಲೆಲ್ಲ ಅವಳ ಕಾಲೂ ನಿಲ್ಲುತ್ತಿತ್ತು. ಮತ್ತೆ ಕೇಳಿಸಿದ ಮೇಲೆಯೇ ಹೆಜ್ಜೆ. ಆ ನೋವಿನ ಸದ್ದು ಕೇಳಲೆಂದೇ ಹಂಬಲಿಸುವ ಗತಿ ಬಂತಲ್ಲ ಎನಿಸಿತು.

ಹೂವಿನ ಅಂಗಡಿ ಪಶು ಆಸ್ಪತ್ರೆಯ ದಾರಿಯಲ್ಲೇ ಇತ್ತು. ಯಜಮಾನರು ಬಾಯಿ ತೆರೆಯುವ ಮೊದಲೇ ಅವಳು ಅವರನ್ನು ದಾಟಿ ಮೇಜಿನ ಆಚೆ ಬದಿಗೆ ಹೋದಳು. ನಾದಿನಿ ತಲೆಯೆತ್ತಿದಳು.

‘ನಿನ್ನೆಯ ಸೊಪ್ಪು ಯಾವುದು?’

ನಾದಿನಿ ಡಬ್ಬಿಯೊಳಗೆ ನೋಡಿದಳು. ಅಣ್ಣನ ಅಂಗಿ ನೋಡಿದಳು. ‘ಕ್ಯಾರೆಟ್ಟಿನ ಎಲೆ’ ಎಂದಳು. ‘ಮೂಲಂಗಿ ಸೊಪ್ಪು. ಮಾರ್ಕೆಟ್ಟಿಂದ ತಂದೆ, ಅಂಗಡಿ ಎಲೆ ಒಂದೂ ಹಾಕಿಲ್ಲ. ಮೂರು ನೀರಲ್ಲಿ ತೊಳೆದಿದ್ದೆ. ನಿಜವಾಗ್ಲೂ ತೊಳೆದಿದ್ದೆ.’

ಸುಳ್ಳಲ್ಲ ಎಂದು ದನಿಯಲ್ಲೇ ತಿಳಿಯುತ್ತಿತ್ತು. ಹಾಗಾದರೆ ಏನು? ಇದ್ದ ಒಂದೇ ದಾರಿಯೂ ಮುಚ್ಚಿತು. ನಾದಿನಿ ಅಂಗಿಯ ಅಂಚು ಸರಿಸಿ ಮೇಷ್ಟ್ರ ಗದ್ದದ ಕೂದಲಿನಿಂದ ಏನನ್ನೋ ಉಗುರಲ್ಲಿ ಹಿಡಿದೆತ್ತಿದಳು. ಹಸಿರು ಎಳೆ, ಹೊಳೆಯುವ ಎಳೆ. ಅದು ಎಲೆಯಲ್ಲ.

‘ನಾನು ಕಟ್ಟಿದ ರಿಬ್ಬನ್ ಎಲ್ಲಿ?’

ಬೆಳಿಗ್ಗೆ ಕೈಗೆ ತರಚಿದ ಗಂಟು ಈಗ ಕತ್ತರಿಯಕ್ಕನ ಕಣ್ಣ ಮುಂದೆ ಬಂತು. ಬರೀ ಗಂಟು. ತುದಿಗಳಿರಲಿಲ್ಲ.

‘ಪಂಜರಕ್ಕೆ ಕಟ್ಟಿದ್ದೆ.’

‘ಯಾಕೆ?’

‘ನೀನು ಕೊಟ್ಟಿದ್ದು ಅಂತ.’

ಯಜಮಾನರು ಬೇರೆ ಕಡೆ ಮುಖ ತಿರುಗಿಸಿದರು. ನಾದಿನಿ ರಿಬ್ಬನ್ನಿನ ಉರುಳೆ ಎಳೆದು, ನಿನ್ನೆ ಅಳೆದಂತೆಯೇ ಮೊಣಕೈಯಿಂದ ಬೆರಳ ತುದಿಯವರೆಗೆ ಅಳೆದಳು. ಕತ್ತರಿಸಲು ಹೋದರೆ ಕತ್ತರಿ ಎರಡು ಸಲ ಜಾರಿತು. ಕತ್ತರಿಯಕ್ಕ ಅದನ್ನು ಅವಳ ಕೈಯಿಂದ ತೆಗೆದುಕೊಂಡು ಒಂದೇ ಏಟಿಗೆ ಕತ್ತರಿಸಿದಳು. ಡಾಕ್ಟರಿಗೆ ತೋರಿಸಲು ಇಷ್ಟು ಸಾಕು. ರಿಬ್ಬನ್ನನ್ನು ಮುಷ್ಟಿಯಲ್ಲಿ ಹಿಡಿದು ಡಬ್ಬಿ ಎತ್ತಿಕೊಂಡಳು. ಒಳಗೆ ಸದ್ದು ನಿಂತಿತ್ತು. ಅಂಗಿಯೊಳಗೆ ಕೈಯಿಟ್ಟಳು. ಪಕ್ಕೆ ಇನ್ನೂ ಏರಿಳಿಯುತ್ತಿತ್ತು, ತೀರ ಮೆಲ್ಲಗೆ.

ನಾದಿನಿ ಹಿಂದೆಯೇ ಬಾಗಿಲವರೆಗೆ ಬಂದಳು. ‘ಅತ್ತಿಗೆ, ಅವತ್ತು ಮೆಟ್ಟಿಲ ಮೇಲೆ ನಾನು ಅಂದದ್ದು—’

‘ಆಮೇಲೆ ಹೇಳು. ಬರೋದಾದ್ರೆ ಬಾ, ಈ ಅಂಗಿ ಜಾರದ ಹಾಗೆ ಹಿಡ್ಕೊ, ಮೊದಲು ಇದು ಉಳೀಲಿ, ಆಮೇಲೆ ನಾವಿಬ್ಬರೂ—’ ಎನ್ನುತ್ತಲೇ ಕತ್ತರಿಯಕ್ಕ ಮೆಟ್ಟಿಲಿಳಿದು ರಸ್ತೆಗೆ ಕಾಲಿಟ್ಟಳು.